ಕುರಿಗೆ ಊಟ, ನಮಗೆ ಮೇವು

ನಮ್ಮ ಮಾಮಾನ ಹೊಲದಲ್ಲಿ ಕುರಿಗಳು ಊಟ ಮಾಡುತ್ತವೆ, ಮನುಷ್ಯರು ಮೇಯುತ್ತಾರೆ. ಇದು ಅಚ್ಚಿನ ತಪ್ಪಲ್ಲ. ನನ್ನ ತಪ್ಪಂತೂ ಅಲ್ಲವೇ ಅಲ್ಲ. ನಾನು ಬಿ.ಎಡ್. ಓದುತ್ತಿರುವವಳು, ಯಾವ ಕರ್ತೃವಿಗೆ ಯಾವ ಕ್ರಿಯಾಪದ ಹೊಂದುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಎರಡು ವರ್ಷದಿಂದ ಪ್ರತಿ ಶನಿವಾರ ಆ ತಪ್ಪನ್ನು ನನ್ನ ಕೈಯಾರೆ ಬರೆದು ನಾಲ್ಕು ತಾಲೂಕಿಗೆ ಹಂಚುತ್ತ ಬಂದಿದ್ದೇನೆ. ಸಿಟ್ಟು ಬಾರದೆ ಇರುತ್ತದೆಯೇ?

ಮಾಮಾ ಎಂದರೆ ಅವ್ವನ ತಮ್ಮ. ಊರು ತಿಳವಳ್ಳಿ. ಸುತ್ತಲಿನವರೆಲ್ಲ ಭತ್ತ, ಗೋವಿನಜೋಳ ಬಿತ್ತುವಾಗ ಈತ ಮೂರು ಎಕರೆಯಲ್ಲಿ ಹುಲ್ಲು ಬಿತ್ತಿದ. "ಹುಲ್ಲು ತಾನ ಬೆಳೀತೈತಲ್ಲೋ, ಅದನ್ನ್ಯಾಕ ಬಿತ್ತತಿ?" ಎಂದು ಊರವರು ಕೇಳಿದರೆ, "ತಾನ ಬೆಳಿಯೂದು ಕಸ. ನಾ ಬೆಳಸೂದು ಊಟ" ಎಂದ. ಎಲ್ಲ ಅನಾಹುತಕ್ಕೂ ಅದೇ ಮೊದಲು. ಅವನ ಕುರಿಗಳಿಗೆ ಚೀಲದ ಹಿಂಡಿ ಇಲ್ಲ, ಹೋಟೆಲಿನಲ್ಲಿ ಉಳಿದ ಅನ್ನ ಇಲ್ಲ. ಹುಲ್ಲು, ಚೊಗಚಿ ಸೊಪ್ಪು, ನೀರು, ಅಷ್ಟೇ. ಆ ಕುರಿಗಳ ಮಾಂಸವನ್ನು ಐಸಿನ ಪೆಟ್ಟಿಗೆಯಲ್ಲಿಟ್ಟು ಬೈಕಿಗೆ ಕಟ್ಟಿಕೊಂಡು, ಒಂದು ಭಾನುವಾರ ಹಾನಗಲ್ಲು, ಹಿರೇಕೆರೂರು ಕಡೆಗೆ, ಇನ್ನೊಂದು ಭಾನುವಾರ ಶಿಗ್ಗಾವಿ, ಸವಣೂರು ಕಡೆಗೆ ಹೋಗಿ ಮನೆಮನೆಗೆ ಮುಟ್ಟಿಸುತ್ತಾನೆ.

ಮಾಂಸ ಮಾರುವವನು ಮಾಂಸ ಮಾರಬೇಕು. ಇವನಿಗೆ ವಾರ್ತೆಯೂ ಬೇಕು. ಶನಿವಾರ ಸಂಜೆ ಫೋನು ಮಾಡಿ ಆ ವಾರ ಹೊಲದಲ್ಲಿ ನಡೆದದ್ದನ್ನು ಹೇಳುತ್ತಾನೆ. ಸವಣೂರಿನ ನಮ್ಮ ಮನೆಯಲ್ಲಿ ಕೂತು ನಾನು ಅದನ್ನು ತಿದ್ದಿ, ಬರೆದು, ಗ್ರಾಹಕರ ಮೊಬೈಲಿಗೆ ಕಳಿಸಬೇಕು. ನನ್ನ ದಿನಚರಿಯಲ್ಲಿ ಇಳಿಸಿಕೊಂಡಿರುವ ಒಂದು ವಾರ್ತೆ ಹೀಗಿದೆ:

"ಕುರಿಗಳು ಈ ವಾರ ಕೆರೆಯ ಬದಿಯ ಪಟ್ಟಿಯಲ್ಲಿ ಊಟ ಮಾಡಿದವು. ಮಂಗಳವಾರ ಮಳೆ ಬಂದದ್ದರಿಂದ ಊಟ ಅರ್ಧ ತಾಸು ತಡವಾಯಿತು. ಕಪ್ಪು ಕಿವಿಯ ಟಗರು ಎರಡನೆಯ ಸಲ ಹಾಕಿದ ಸೊಪ್ಪನ್ನು ಮುಟ್ಟಲಿಲ್ಲ. ಗ್ರಾಹಕರು ಅವನನ್ನು ನೋಡಿ ಕಲಿಯಬೇಕು. ಈ ವಾರ ತಾವು ಏನೇನು ಮೇದಿರಿ ಎಂದು ತಿಳಿಸಿದವರಿಗೆ ಮಾತ್ರ ಭಾನುವಾರ ಮಾಂಸ ಸಿಗುವುದು."

ಮೊದಲ ವಾರ ನಾನು 'ಊಟ'ವನ್ನು 'ಮೇವು' ಮಾಡಿ, 'ಮೇದಿರಿ'ಯನ್ನು 'ಉಂಡಿರಿ' ಮಾಡಿ ಕಳಿಸಿದ್ದೆ. ಹತ್ತು ನಿಮಿಷಕ್ಕೆ ಫೋನು ಬಂತು.

"ಏನ ಅಕ್ಕೋರ, ನನ್ನ ಕುರೀಗೆ ಬೈದೀಯಲ್ಲ?"

ನಮ್ಮ ಕಡೆ ಅಕ್ಕೋರು ಎಂದರೆ ಶಾಲೆ ಕಲಿಸುವವಳು. ನಾನು ಇನ್ನೂ ಆಗಿಲ್ಲ. ಅದು ಅವನ ಚೇಷ್ಟೆ.

"ಮಾಮಾ, ಕುರಿ ಮೇಯ್ತೈತಿ, ಮನಿಶ್ಯಾ ಉಣ್ತಾನ. ಇದು ವ್ಯಾಕರಣ."

"ನಿಮ್ಮ ವ್ಯಾಕರಣ ಬರದವ್ರು ಬೇಕರಿ ನೋಡಿರಲಿಲ್ಲ ಬಿಡು. ಕೇಳಿಲ್ಲೆ. ಕುರಿ ಹೊತ್ತಿಗೆ ಸರಿಯಾಗಿ ಬರ್ತೈತಿ, ತನಗ ಬೇಕಾದ್ದು ತಿಂತೈತಿ, ಸಾಕಾದ್ರ ಮಾರಿ ತಿರುವಿ ಹೋಗಿ ನೆಳ್ಳಾಗ ಕುಂತು ಮೆಲುಕ ಹಾಕ್ತೈತಿ. ಅದಕ್ಕ ಊಟ ಅಂತಾರ. ನೀವು ಮುಂಜಾನೆ ಎದ್ದಾಗಿಂದ ನಿಂತಲ್ಲೆ, ಕುಂತಲ್ಲೆ, ಕಂಡಕಂಡಲ್ಲೆ ಬಾಯಿ ಹಾಕ್ತೀರಿ. ಅದಕ್ಕೇನಂತಾರ, ನೀನ ಹೇಳು."

ನಾನು ಎಡಗೈಯಲ್ಲಿದ್ದ ಚಿಪ್ಸಿನ ಪೊಟ್ಟಣವನ್ನು ಬದಿಗಿಟ್ಟೆ.

ಆದರೆ ಲೆಕ್ಕ ಇಡುವುದನ್ನು ಬಿಡಲಿಲ್ಲ. ಅಂದೇ ದಿನಚರಿಯ ಒಂದು ಪುಟಕ್ಕೆ ನಡುವೆ ಗೆರೆ ಎಳೆದೆ. ಎಡಕ್ಕೆ, ಮಾಮಾ ಮನುಷ್ಯರಿಗೆ 'ಮೇಯು' ಅಂದದ್ದು. ಬಲಕ್ಕೆ, ಮನುಷ್ಯರಿಗೆ 'ಊಟ' ಅಂದದ್ದು. ವಾರ್ತೆಗೆ ಬರೆಸಿದ್ದು ಬಿಟ್ಟು, ಮಾತಿನಲ್ಲಿ ಅಂದು ನನ್ನ ಕಿವಿಗೆ ಬಿದ್ದದ್ದು ಮಾತ್ರ. ಎರಡು ವರ್ಷದಲ್ಲಿ ಎಡಕ್ಕೆ ಐವತ್ತೇಳು ಆದವು. ಬಲಕ್ಕೆ ಸೊನ್ನೆ. ಜಾಗ ವ್ಯರ್ಥ ಹೋಗುತ್ತದೆಂದು ಕೊನೆಗೆ ಅಲ್ಲಿ ಗ್ಯಾಸ್ ಸಿಲಿಂಡರ್ ಬಂದ ದಿನಗಳನ್ನು ಬರೆಯತೊಡಗಿದೆ.

ಎಡಗಡೆಯ ಹನ್ನೆರಡನೆಯದು ಹಿರೇಕೆರೂರಿನ ಒಂದು ಮದುವೆಯಲ್ಲಿ ನಡೆದದ್ದು. ಹುಡುಗಿಯ ದೊಡ್ಡಪ್ಪ ಬುಂದೆಯ ಬಕೆಟ್ಟು ಹಿಡಿದು ಪಂಕ್ತಿಯಲ್ಲಿ ಬರುತ್ತ, ಮರ್ಯಾದೆಗೆಂದು ಮಾಮಾನನ್ನು "ಊಟ ಹೆಂಗೈತ್ರಿ?" ಎಂದು ಕೇಳಿದರು. ಕೇಳಬಾರದಿತ್ತು.

"ಊಟ ಎಲ್ಲೈತ್ರಿ? ಎಣ್ಯಾಗ ಕರದದ್ದು ಆರ ಥರಾ ಐತಿ. ಮಂದಿ ಮೇಯಾಕತ್ತಾರ."

ಅವರು ಬಕೆಟ್ಟು ಕೆಳಗಿಟ್ಟರು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾವು ಎಲೆ-ಅಡಿಕೆ ತೆಗೆದುಕೊಳ್ಳದೆ ಬಸ್ ಸ್ಟ್ಯಾಂಡಿಗೆ ಓಡಿದೆವು. ಆದರೆ ಮರುವಾರ ಅದೇ ದೊಡ್ಡಪ್ಪನವರ ಫೋನು ಬರಬೇಕೇ? "ಎರಡ ಕಿಲೋ ಬೇಕಿತ್ತವಾ. ಮದುವಿ ಮುಗೀತು, ಇನ್ನ ಊಟ ಮಾಡೂಣಂತ."

ಶಿಗ್ಗಾವಿಯಲ್ಲಿ ನಿವೃತ್ತ ಹೆಡ್ ಮಾಸ್ತರರೊಬ್ಬರು ಗಿರಾಕಿ. ಅವರ ಬಾಗಿಲಲ್ಲಿ ನಿಂತು ಮಾಮಾ, ಪೊಟ್ಟಣ ಕೊಡುವ ಮೊದಲು, "ನಿನ್ನೆ ಏನೇನ ಮೇದ್ರಿ?" ಎಂದು ಕೇಳಿದ. ಪಾಪ, ಸತ್ಯವಂತರು. ಬೆಳಿಗ್ಗೆ ಚಹಾ, ಬಿಸ್ಕೀಟು, ಹನ್ನೊಂದಕ್ಕೆ ವಡೆ, ಸಂಜೆ ಗಿರಮಿಟ್ಟು, ಅದರ ಮೇಲೆ ಮಿರ್ಚಿ ಎಂದು ಒಂದೂ ಬಿಡದೆ ಒಪ್ಪಿಸಿದರು.

"ನಡುವ ಮೆಲುಕ ಹಾಕಾಕ ಟೈಮ್ ಕೊಟ್ರ್ಯಾ?"

"ಇಲ್ಲಪಾ."

"ಕುರಿ ಕೊಡ್ತೈತ್ರಿ" ಎಂದವನೇ ಪೊಟ್ಟಣವನ್ನು ಮತ್ತೆ ಪೆಟ್ಟಿಗೆಗೆ ಹಾಕಿಕೊಂಡು ಹೊರಟುಬಿಟ್ಟ. ಮನೆಗೆ ಬಂದ ಗಿರಾಕಿಯನ್ನು ಬೈಯುವವರನ್ನು ನೋಡಿದ್ದೇವೆ. ಗಿರಾಕಿಯ ಮನೆಗೇ ಹೋಗಿ ಸರಕು ಕಸಿದುಕೊಂಡು ಬರುವ ವ್ಯಾಪಾರ ಎಲ್ಲಾದರೂ ಉಂಟೇ? ಹೆಡ್ ಮಾಸ್ತರರು ನನಗೆ ಫೋನು ಮಾಡಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು: "ಮೂವತ್ತ ವರ್ಷ ನಾ ಮಂದೀನ ನಪಾಸ ಮಾಡೀನವಾ. ಇವತ್ತ ನಿಮ್ಮ ಮಾಮಾ ನನ್ನ ನಪಾಸ ಮಾಡಿದ. ಮರುಪರೀಕ್ಷಿ ಯಾವಾಗ ಅಂತ ಕೇಳಿ ಹೇಳು."

ಇವೆಲ್ಲ ನಗುವ ಮಾತಾದವು. ಐವತ್ತೇಳನೆಯದಕ್ಕೆ ನಮ್ಮ ಮನೆಯಲ್ಲಿ ಯಾರೂ ನಗಲಿಲ್ಲ.

ಅದು ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ. ಅಪ್ಪ ಸವಣೂರಿನ ಒಂದು ಹೈಸ್ಕೂಲಿನಲ್ಲಿ ಗುಮಾಸ್ತರು. ಶಾಲೆ ಬಿಟ್ಟ ಮೇಲೆ ಮೂವರು ಮಾಸ್ತರರ ಜೊತೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತು ಕರಿದ ಖಾರಾ ತಿನ್ನುವುದು ಅವರ ಒಂದೇ ಚಟ. ಒಂದು ಪೊಟ್ಟಣ ಅಲ್ಲಿ, ಇನ್ನೊಂದು ಅಂಗಿಯ ಕಿಸೆಯಲ್ಲಿ. ಆ ಎಣ್ಣೆಯ ಕಲೆ ತೊಳೆಯುವವಳು ನಾನು. ಅವತ್ತು ಆ ದಾರಿಯಲ್ಲೇ ಮಾಮಾನ ಬೈಕು ಬಂತು. ಇಳಿದಾದರೂ ಮಾತಾಡಿಸಿದನೇ? ಬೈಕಿನ ಮೇಲಿಂದಲೇ, ಇಡೀ ಸ್ಟ್ಯಾಂಡಿಗೆ ಕೇಳುವಂತೆ ಕೂಗಿದ:

"ಏನ್ರಿ ಭಾವಾರ, ಶಾಲಿ ಬಿಟ್ಟ ಕೂಡ್ಲೆ ಮೇಯಾಕ ಬಂದ್ರ್ಯಾ?"

ಮೂವರೂ ಮಾಸ್ತರರು ನಕ್ಕರು. ಒಬ್ಬರಿಗೆ ನೆತ್ತಿಗೇರಿತು. ಮರುದಿನ ಮಧ್ಯಾಹ್ನ ಶಾಲೆಯಲ್ಲಿ ಯಾರೋ, "ಗಂಟಿ ಆತ್ರಿ, ಮೇಯಾಕ ಹೋಗೂಣೇನು?" ಎಂದರಂತೆ. ಅಪ್ಪ ಬುತ್ತಿ ಬಿಚ್ಚದೆ ಮನೆಗೆ ಬಂದರು. ಬುತ್ತಿಯನ್ನು ಅವ್ವನ ಮುಂದಿಟ್ಟು ಹೇಳಿದರು: "ನಿನ್ನ ತಮ್ಮ ತನ್ನ ಬಾಯಿಂದ 'ಊಟಕ್ಕ ಬರ್ರಿ' ಅನ್ನೂತನಕಾ ಅವನ ಹೊಸ್ತಿಲಾ ನಾ ತುಳಿಯಂಗಿಲ್ಲ. ನೀ ಬೇಕಾದ್ರ ಪಂಚಮಿಗೆ ಹೋಗಿ ಬಾ."

ನಾಗರ ಪಂಚಮಿಗೆ ತವರಿಗೆ ಹೋಗುವುದು ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ. ನಾನು ತಿಂಗಳ ಕೂಸಾಗಿದ್ದಾಗಲೂ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿದ್ದಳಂತೆ. ಈ ಸಲ, "ನೀವು ಇಲ್ಲೆ ಮಾರಿ ಊದಿಸಿಕೊಂಡು ಕುಂತಿರ್ತೀರಿ, ನಾ ಅಲ್ಲೆ ಜೋಕಾಲಿ ಆಡ್ಲಿ? ನಾನೂ ಹೋಗಂಗಿಲ್ಲ" ಎಂದಳು. ಹೇಳಿದಷ್ಟು ಸುಲಭವಿರಲಿಲ್ಲ. ಮುಂದಿನ ದಿನಗಳಲ್ಲಿ ಅಟ್ಟದ ಮೇಲಿನ ಹಸಿರು ಚೀಲವನ್ನು ಅವಳು ಕೆಳಗಿಳಿಸಿ, ಧೂಳು ಜಾಡಿಸಿ, ಮತ್ತೆ ಮೇಲಿಟ್ಟದ್ದು ಒಂಬತ್ತು ಸಲ. ನಾನು ನೋಡಿದ್ದು ಒಂಬತ್ತು.

ಶನಿವಾರ ಅವನ ಫೋನು ಬಂದಾಗ ವಾರ್ತೆಗೆ ಮೊದಲೇ ತರಾಟೆಗೆ ತೆಗೆದುಕೊಂಡೆ.

"ಊಟ ಅಂದ್ರ ಎರಡ ಅಕ್ಷರ ಮಾಮಾ. ಅಪ್ಪಗ ಅಂದುಬಿಡು."

"ಎರಡ ಅಕ್ಷರದ ಸುಳ್ಳೂ ಸುಳ್ಳ. ನಿಂತು ಖಾರಾ ಮುಕ್ಕಾಕತ್ತಿದ್ರು. ಅವರಿಗೆ ಸಕ್ಕರಿ ಬ್ಯಾನಿ ಐತಿ. ಅವರಪ್ಪಗೂ ಇತ್ತು, ಕಾಲ ತಗಸ್ಕೊಂಡ ಹೋದ್ರು. ಅದನ್ನ ಊಟ ಅಂದ್ರ ನನ್ನ ನಾಲಿಗಿ ಸೇದಿ ಹೋಗ್ತೈತಿ."

"ಹಂಗಾರ ಅವ್ವ ಪಂಚಮಿಗೆ ಬರಂಗಿಲ್ಲ. ತಿಳೀತ?"

ಆ ಕಡೆ ಯಾವುದೋ ಕುರಿ ಸೀನಿದ್ದು ಕೇಳಿಸಿತು. ಆಮೇಲೆ, "ವಾರ್ತೆ ಬರಕೋ" ಎಂದ. "ಒಂದು ಕುರಿ ಊಟ ಬಿಟ್ಟಿದೆ."

ಅಕ್ಕನ ಮಾತು ಹೇಳಿದರೆ ಕುರಿಯ ಮಾತು! ಹಲ್ಲು ಕಚ್ಚಿಕೊಂಡು ಬರೆದೆ, ಕಳಿಸಿದೆ. ಭಾನುವಾರ ಸಂಜೆಯೊಳಗೆ ಗ್ರಾಹಕರಿಂದ ಹನ್ನೊಂದು ಸಂದೇಶ. ಓಂಕಾಳಿನ ಕಷಾಯ ಕುಡಿಸಿ ಎಂದು ಒಬ್ಬರು, ದೃಷ್ಟಿ ತೆಗೆಯಿರಿ ಎಂದು ಒಬ್ಬರು. ಹೆಡ್ ಮಾಸ್ತರರು, "ಉಳಿದ ವಿದ್ಯಾರ್ಥಿಗಳ ಪ್ರಗತಿ ಹೆಂಗೈತಿ?" ಎಂದು ಕೇಳಿದ್ದರು. ನಮ್ಮ ಅಟ್ಟದ ಹಸಿರು ಚೀಲದ ಬಗ್ಗೆ ಕೇಳುವವರು ನಾಲ್ಕು ತಾಲೂಕಿನಲ್ಲಿ ಒಬ್ಬರೂ ಇರಲಿಲ್ಲ.

ಎರಡನೆಯ ಶನಿವಾರ: "ಊಟ ಬಿಟ್ಟ ಕುರಿ ಬಾಗಿಲ ಕಡೆ ನೋಡುತ್ತದೆ." ಮೂರನೆಯ ಶನಿವಾರ: "ಊಟ ಬಿಟ್ಟ ಕುರಿ ಹಾಗೆಯೇ ಇದೆ. ಡಾಕ್ಟರು ಬೇಡ." ನಾಲ್ಕನೆಯ ಶನಿವಾರ: "ಶ್ರಾವಣ ಮುಗಿಯುವವರೆಗೆ ಮಾರಾಟವಿಲ್ಲ. ಕುರಿಗಳು ಊಟ ಮಾಡಿ ವಿಶ್ರಾಂತಿ ಪಡೆಯಲಿವೆ. ಗ್ರಾಹಕರು ಮೇಯುವುದನ್ನು ಕಡಿಮೆ ಮಾಡಬೇಕು. ಊಟ ಬಿಟ್ಟ ಕುರಿ ಹಾಗೆಯೇ ಇದೆ." ಓದಿ ಅವ್ವ, "ಯಾವ ಕುರಿಯೋ ಏನೋ" ಎಂದು ನಿಟ್ಟುಸಿರು ಬಿಟ್ಟಳು. ನಾನು, "ಅದನ್ನರ ತವರಿಗೆ ಕಳಸ್ಲಿ" ಎಂದೆ. ಅಷ್ಟು ಸಿಟ್ಟು ನನಗೆ.

ಪಂಚಮಿಗೆ ಮೊದಲು ನಮ್ಮಲ್ಲಿ ರೊಟ್ಟಿ ಹಬ್ಬ. ಬಗೆಬಗೆಯ ರೊಟ್ಟಿ, ಪಲ್ಯ ಮಾಡಿ ಮನೆಮನೆಗೆ ಹಂಚುವ ದಿನ. ಅವತ್ತು ಹತ್ತು ಗಂಟೆಗೆ ಬಾಗಿಲಲ್ಲಿ ಒಂದು ಮೂರು ಗಾಲಿಯ ಟಂಟಂ ಗಾಡಿ ನಿಂತಿತು. ಮಾಮಾ ಇಳಿದ. ಬೈಕು ಬಿಟ್ಟು ಟಂಟಂ ಏಕೆ ತಂದ ಎಂದು ನಾನು ಲೆಕ್ಕ ಹಾಕಿದೆ: ಅವ್ವ, ನಾನು, ಇನ್ನೂ ಒಬ್ಬರಿಗೆ ಜಾಗ.

ಅಪ್ಪ ಕಟ್ಟೆಯ ಮೇಲೆ ಪೇಪರ್ ಹಿಡಿದು ಕೂತಿದ್ದರು. ಪೇಪರನ್ನು ಇನ್ನೂ ಮೇಲೆತ್ತಿದರು. ಒಳಗೆ ಅವ್ವ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಯಾರಂತ ಕೇಳು" ಎಂದರು ಅಪ್ಪ ನನಗೆ.

"ನಾನ್ರಿ ಭಾವಾರ."

"ಮೇಯೂ ಮಂದಿ ಮನ್ಯಾಗ ನಿನಗೇನ ಕೆಲಸ?"

ಮಾಮಾ ಮೆಟ್ಟಿಲ ಮೇಲೆ ನಿಂತೇ ಇದ್ದ. ಪೇಪರಿನ ಅಂಚಿನಿಂದ ಕಾಣುವಷ್ಟು ಅಪ್ಪನನ್ನು ನೋಡಿದ. "ಸಣ್ಣಗಾಗೀರಲ್ರಿ" ಎಂದ ಮೆಲ್ಲಗೆ.

ಪೇಪರ್ ಒಂದು ಗೇಣು ಕೆಳಗಿಳಿಯಿತು. "ಮೂವತ್ತೆರಡ ದಿನಾ ಆತು. ಖಾರಾ ಇಲ್ಲ, ಮಿರ್ಚಿ ಇಲ್ಲ. ಕೈಯಾಗ ಹಿಡದ್ರ ನಿನ್ನ ಮಾತ ಕಿವ್ಯಾಗ ಬರ್ತೈತಿ. ಹಾಳಾದದ್ದು, ಬಾಯಿಗೆ ಹೋಗವಲ್ದು. ಮೇದಿಲ್ಲಪಾ ನಾ."

ಒಂದು ತಿಂಗಳಿಂದ ಅಪ್ಪನ ಕಿಸೆಯಲ್ಲಿ ಎಣ್ಣೆಯ ಕಲೆ ಇಲ್ಲದ್ದನ್ನು ನಾನು ದಿನಚರಿಯಲ್ಲಿ ಬರೆದಿಟ್ಟಿದ್ದೆ. ಅಂಗಡಿ ಬದಲಾಯಿಸಿರಬೇಕು ಎಂದುಕೊಂಡಿದ್ದೆ. ಈ ಮನೆಯಲ್ಲಿ ಲೆಕ್ಕ ಇಡುವವಳು ನಾನೊಬ್ಬಳೇ ಎಂಬ ನನ್ನ ಜಂಬ ಅಲ್ಲಿಗೆ ಮುಗಿಯಿತು.

ಅಪ್ಪ ಈಗ ಮಾಮಾನನ್ನು ಮೇಲಿಂದ ಕೆಳಗೆ ನೋಡಿದರು. "ನಿನಗೇನಾಗೇತಿ? ಅಂಗಿ ಜೋತ ಬಿದ್ದೈತಿ."

"ಏನಿಲ್ಲ ತಗೊಳ್ರಿ" ಎಂದು ಮಾಮಾ ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಆಮೇಲೆ, ನಾಲ್ಕು ತಾಲೂಕಿನಲ್ಲಿ ಯಾರ ಮುಂದೆಯೂ ತಗ್ಗಿಸದ ದನಿ ತಗ್ಗಿಸಿ ಹೇಳಿದ: "ಏಳ್ರಿ ಭಾವಾರ. ಊಟಕ್ಕ ಬರ್ರಿ."

ಒಳಗೆ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನಾನು ಗ್ಯಾಸ್ ಸಿಲಿಂಡರುಗಳಿಗೆ ಅಡ್ಡಗೆರೆ ಎಳೆದು, ಬಲಗಡೆ 'ಒಂದು' ಎಂದು ಬರೆದೆ.

ಮಧ್ಯಾಹ್ನ ತಿಳವಳ್ಳಿ ಮುಟ್ಟಿದೆವು. ಅವ್ವ ಹಸಿರು ಚೀಲ ಇಟ್ಟವಳೇ ಬೇವಿನ ಮರದ ಜೋಕಾಲಿಯ ಹಗ್ಗ ಎಳೆದು ನೋಡಿದಳು. ನಾನು ನೇರವಾಗಿ ದೊಡ್ಡಿಗೆ ಹೋದೆ. ನಾಲ್ಕು ವಾರ ನನ್ನಿಂದ ವರದಿ ಬರೆಸಿಕೊಂಡ ಆ ಕುರಿಯನ್ನು ಕಣ್ಣಾರೆ ನೋಡಿ ಎರಡು ಮಾತು ಬೈಯಬೇಕಿತ್ತು. ಎಣಿಸಿದೆ: ನಲವತ್ತಾರು. ನಲವತ್ತಾರೂ ತಲೆ ತಗ್ಗಿಸಿ ಚೊಗಚಿ ಸೊಪ್ಪು ತಿನ್ನುತ್ತಿದ್ದವು. ಇನ್ನೊಮ್ಮೆ ಎಣಿಸಿದೆ. ಒಂದೂ ಬಿಟ್ಟಿರಲಿಲ್ಲ.

ಮಾಮಾನ ಹೆಂಡತಿ, ನಮ್ಮ ಅತ್ತಿ, ನೀರಿನ ಕೊಡ ಹಿಡಿದು ಬಂದಳು.

"ಅತ್ತಿ, ಊಟ ಬಿಟ್ಟಿದ್ದ ಕುರಿ ಯಾವುದು?"

"ಇಲ್ಲೆ ಎಲ್ಲೆ ಹುಡಕತಿ?" ಎಂದಳು ಅತ್ತಿ. "ಆ ಕುರೀಗೆ ಎರಡ ಕಾಲು. ಒಂದ ತಿಂಗಳಾತು, ಎರಡ ತುತ್ತಿಗೆ ತಾಟ ಸರಿಸಿ ಎದ್ದ ಹೋಗಿ ಬಾಗಲದಾಗ ನಿಂದರತಿತ್ತು. ಅಕ್ಕ ಬರದಿದ್ರ ಹಬ್ಬ ಯಾರಿಗೆ ಮಾಡ್ಲಿ ಅಂತಿತ್ತು. ಈಗ ಒಳಗ ನಿಮ್ಮಪ್ಪನ ಬಾಜೂಕ ಕುಂತೈತಿ, ಹೋಗಿ ನೋಡು."

ಹೋಗಿ ನೋಡಿದೆ. ನಡುಮನೆಯಲ್ಲಿ ಇಬ್ಬರೂ ಸಾಲಾಗಿ ಕೂತಿದ್ದರು. ಅವ್ವ ಸಜ್ಜಿ ರೊಟ್ಟಿ ಬಡಿಸುತ್ತಿದ್ದಳು. ಅಪ್ಪ ಸಾಕೆಂದು ಕೈ ಅಡ್ಡ ಹಿಡಿದರು. ಮಾಮಾ ಹಿಡಿಯಲಿಲ್ಲ, ಮೂರನೆಯ ರೊಟ್ಟಿ ಮುರಿಯುತ್ತಿದ್ದ. ನನ್ನನ್ನು ನೋಡಿ, "ಏನ ಅಕ್ಕೋರ, ಎಣಸೂದ ಮುಗದಿದ್ರ ಮೇಯಾಕ ಬರ್ರಿ" ಎಂದ. ಎಡಗಡೆ ಐವತ್ತೆಂಟು.

ಆ ಶನಿವಾರ ಅವನು ಫೋನು ಮಾಡಲಿಲ್ಲ. ವಾರ್ತೆಯನ್ನು ನಾನೇ ಬರೆದು ಕಳಿಸಿದೆ. ಒಂದೇ ಸಾಲು: "ಊಟ ಬಿಟ್ಟಿದ್ದ ಕುರಿ ಊಟ ಮಾಡಿತು." ವ್ಯಾಕರಣ ತಿದ್ದಲಿಲ್ಲ.