ಗುಟ್ಟು ಕೇಳಿದವರೆಲ್ಲ ಪಾಸು

ಬನ್ನಿ, ಗೋಡೆಗೆ ಬೆನ್ನು ಕೊಟ್ಟು ಆರಾಮಾಗಿ ಕೂತುಕೊಳ್ಳಿ. ಕೈಯಲ್ಲಿ ಕೆಲಸ ಇದ್ದವರು ಮಾಡುತ್ತಲೇ ಕೇಳಿ, ಅಡ್ಡಿಯಿಲ್ಲ. ಸನ್ನೆ ಭಾಷೆಯ ದುಭಾಷಿಗಳಿಗೆ ಪರೀಕ್ಷೆ ನಡೆಸಲು ಒಂದು ಮಂಡಳಿ ಇತ್ತು. ಮಂಡಳಿ ಎಂದಮೇಲೆ ಅದು ತಪ್ಪು ಮಾಡುವುದಿಲ್ಲ, ನಿಯಮ ಮಾಡುತ್ತದೆ.

ಆ ವರ್ಷದ ನಿಯಮ ಹೀಗಿತ್ತು: ಪ್ರಮಾಣಪತ್ರವಿಲ್ಲದ ಯಾರೂ ಕಿವಿ ಕೇಳದವರ ಪರವಾಗಿ ಆಸ್ಪತ್ರೆಯಲ್ಲಿ ಕೈ ಆಡಿಸತಕ್ಕದ್ದಲ್ಲ.

ಇದರಿಂದ ಕೈಮಾತಿ ಎಂಬ ಹುಡುಗಿಗೆ ಪೀಕಲಾಟ ಶುರುವಾಯಿತು. ಅವಳ ತಾಯಿಗೆ ಹುಟ್ಟಿನಿಂದ ಕಿವಿ ಕೇಳದು. ಮಗಳು ಬಾಯಿಮಾತಿಗೆ ಮುಂಚೆ ಸನ್ನೆ ಕಲಿತವಳು, ಅದಕ್ಕೇ ಬೀದಿಯವರು ಆ ಅಡ್ಡಹೆಸರು ಇಟ್ಟಿದ್ದರು. ಈಗ ತಾಯಿಯ ಕಣ್ಣಿಗೆ ಪೊರೆ ಬಂದಿತ್ತು. ಕಣ್ಣೂ ಮಸುಕಾದರೆ ಆ ತಾಯಿಗೆ ಸನ್ನೆ ಕಾಣುವುದು ಹೇಗೆ, ಮಾತಾಡುವುದು ಯಾರ ಜೊತೆ? ಆಪರೇಷನ್ನಿಗೆ ದಿನವೂ ಗೊತ್ತಾಗಿತ್ತು. ಡಾಕ್ಟರು ಮಾತ್ರ, "ನಿಮ್ಮಮ್ಮ ಒಪ್ಪಿದ್ದಾರೆ ಅಂತ ನಾನು ಹೇಗಮ್ಮ ನಂಬಲಿ? ಸರ್ಟಿಫಿಕೇಟ್ ತಗೊಂಡು ಬಾ" ಅಂದುಬಿಟ್ಟರು.

ಕೈಮಾತಿ ಓದಲು ಕೂತಳು. ಸನ್ನೆಯಲ್ಲಿ ಕಲಿಯುವಂಥದ್ದೇನೂ ಇರಲಿಲ್ಲ. ಕಷ್ಟವೆಲ್ಲ ನೀತಿಯ ಪಾಠದ್ದು. 'ದುಭಾಷಿಯು ಕೋಣೆಯಲ್ಲಿ ಆಡಿದ ಯಾವ ಮಾತನ್ನೂ ಬಿಡತಕ್ಕದ್ದಲ್ಲ, ಸೇರಿಸತಕ್ಕದ್ದಲ್ಲ, ಸಿಹಿ ಮಾಡತಕ್ಕದ್ದಲ್ಲ.' ಓದಿ ಅವಳು ಪುಸ್ತಕ ಮುಚ್ಚಿಟ್ಟಳು. ಆ ಮನೆಯ ಸಂಸಾರ ನಡೆದುಕೊಂಡು ಬಂದದ್ದೇ ಅವಳು ಬಿಟ್ಟದ್ದರಿಂದ, ಸೇರಿಸಿದ್ದರಿಂದ. ಅಪ್ಪನಿಗೆ ಬರುತ್ತಿದ್ದ ಸನ್ನೆ ಎರಡೇ: ಊಟ ಬಡಿಸು, ಬಾಗಿಲು ಹಾಕು.

ಆದರೂ ಅಭ್ಯಾಸ ಮನೆಯಲ್ಲೇ ಆಗಬೇಕಲ್ಲ. ಅವತ್ತು ಅಪ್ಪ ತಟ್ಟೆ ನೋಡಿ, "ಇದೇನು, ಅಡುಗೆಯೋ ಗೋಂದೋ?" ಅಂದ. ಹಿಂದೆಲ್ಲ ಇಂಥದ್ದು 'ಚೆನ್ನಾಗಿದೆ, ಕೊಂಚ ಗಟ್ಟಿ' ಎಂದು ತಲುಪುತ್ತಿತ್ತು. ಈ ಸಲ ಗೋಂದು ಗೋಂದಾಗಿಯೇ ತಲುಪಿತು. ತಾಯಿಯ ಕೈಗಳು ಗಾಳಿಯಲ್ಲಿ ಹಾರಾಡಿದವು.

"ಏನಂತೆ?"

"ನಿಮ್ಮ ನಾಲಿಗೆಗಿಂತ ಗೋಂದೇ ವಾಸಿಯಂತೆ. ಅದು ಅಂಟಿಸುತ್ತೆ, ಇದು ಕಿತ್ತುಹಾಕುತ್ತೆ ಅಂತೆ."

"ಇಷ್ಟು ವರ್ಷದಲ್ಲಿ ಒಂದು ದಿನ ಎದುರು ಮಾತಾಡಿರಲಿಲ್ಲವಲ್ಲೇ."

"ಆಡಿದ್ದಾಳಪ್ಪ. ನಾನು ದಾಟಿಸಿರಲಿಲ್ಲ."

ಅಪ್ಪ ತಟ್ಟೆ ಬದಿಗಿಟ್ಟು ಕೈ ತೊಳೆದ. ಆಮೇಲೆ ಮೆಲ್ಲಗೆ, "'ತಪ್ಪಾಯ್ತು' ಅನ್ನೋದಕ್ಕೆ ಕೈ ಹೇಗೆ ಮಾಡಬೇಕು?" ಎಂದು ಕೇಳಿದ.

ಪರೀಕ್ಷೆಯ ದಿನ ಬಂತು. ಉದ್ದ ಮೇಜಿನ ಹಿಂದೆ ಅಧ್ಯಕ್ಷರು, ಅವರ ಪಕ್ಕ ಒಬ್ಬ ಸದಸ್ಯರು. ಸನ್ನೆ ಬಲ್ಲವರು ಪಕ್ಷಪಾತ ಮಾಡುವ ಸಂಭವ ಇದ್ದುದರಿಂದ ಮಂಡಳಿಗೆ ಸನ್ನೆ ಬರದವರನ್ನೇ ಆರಿಸಲಾಗಿತ್ತು. ಎದುರಿಗೆ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸಿ ನಿವೃತ್ತರಾದ, ಕಿವಿ ಕೇಳದ ಯಜಮಾನರೊಬ್ಬರನ್ನು ಕೂರಿಸಿದ್ದರು. ಕೋಣೆಯಲ್ಲಿ ಆಡುವ ಮಾತನ್ನು ಕೈಮಾತಿ ಅವರಿಗೆ ದಾಟಿಸಬೇಕು.

ಅಧ್ಯಕ್ಷರು ಸದಸ್ಯರ ಕಡೆ ವಾಲಿದರು. "ನಮ್ಮ ಅಳಿಯನ ಪ್ರಮಾಣಪತ್ರಕ್ಕೆ ಸಹಿ ಆಯ್ತು ತಾನೆ?"

"ಆಗಿದೆ ಸರ್. ಪರೀಕ್ಷೆ ಒಂದು ಬಾಕಿ."

"ಹಾಗಾದ್ರೆ ಈ ಹುಡುಗೀನ ಬೇಗ ಫೇಲ್ ಮಾಡಿ ಕಳಿಸಿ. ಆ ಮುದುಕನಿಗೇನು, ಕಂಬದ ಹಾಗೆ ಕೂತಿದಾನೆ."

ಕೈಮಾತಿಯ ಕೈ ಒಂದು ಗಳಿಗೆ ತಡೆಯಿತು. ಅಮ್ಮನ ಕಣ್ಣು ನೆನಪಾಯಿತು. ದಾಟಿಸಿದರೆ ಇವರ ಕೋಪ, ದಾಟಿಸದಿದ್ದರೆ ನೀತಿಗೆಟ್ಟ ಹಾಗೆ. ಗೋಂದನ್ನೇ ದಾಟಿಸಿದವಳು, ಅಳಿಯನನ್ನೂ ದಾಟಿಸಿದಳು, ಕಂಬವನ್ನೂ ದಾಟಿಸಿದಳು.

ಯಜಮಾನರ ಬೆರಳು ಆಡಿದವು. ಕೈಮಾತಿ ಗಂಭೀರವಾಗಿ ಹೇಳಿದಳು: "ಕಂಬ ಕೇಳ್ತಿದೆ, ಅಳಿಯದೇವರು ಪರೀಕ್ಷೆಗೆ ಯಾವಾಗ ಬರ್ತಾರೆ?"

ಚಹಾ ತಂದಿದ್ದ ಜವಾನ ಕಿಸಕ್ಕನೆ ನಕ್ಕ. ಅಧ್ಯಕ್ಷರ ಮುಖ ಹುಳ್ಳಗಾಯಿತು. "ಏನಮ್ಮಾ, ಗುಟ್ಟು ಕಾಪಾಡಬೇಕು ಅನ್ನೋ ನಿಯಮ ಓದಿಲ್ವಾ?"

"ಓದಿದೀನಿ ಸರ್. ಅದು ಪ್ರಮಾಣಪತ್ರ ಪಡೆದವರಿಗೆ ಮಾತ್ರ ಅಂತ ಬರೆದಿದೆ. ಫೇಲಾದವರು ಯಾರ ಹತ್ತಿರ ಏನು ಬೇಕಾದ್ರೂ ಹೇಳಬಹುದು."

ನಿಯಮ ತೆಗೆಸಿ ನೋಡಿದರು. ಹಾಗೇ ಇತ್ತು. ಕೈಮಾತಿ ಆ ಕ್ಷಣವೇ ಅತ್ಯುತ್ತಮ ದರ್ಜೆಯಲ್ಲಿ ಪಾಸಾದಳು.

"ಯಜಮಾನರೂ ತಿಳ್ಕೊಂಡ್ರಲ್ಲ ಸರ್," ಎಂದರು ಸದಸ್ಯರು. ಗುಟ್ಟು ಹೊರಬೀಳದಂತೆ ಯಜಮಾನರಿಗೂ ಒಂದು ಪ್ರಮಾಣಪತ್ರ ಬರೆದರು. ಆಮೇಲೆ ಜವಾನನ ಸರದಿ.

"ನನಗೆ ಸನ್ನೆ ಬರಲ್ಲ ಸರ್."

"ನಮ್ಮ ಅಳಿಯನಿಗೂ ಬರಲ್ಲ. ಸುಮ್ನೆ ತಗೋ."

ಅಷ್ಟರಲ್ಲಿ ಅಚ್ಚಾದ ಪತ್ರಗಳೇ ಮುಗಿದಿದ್ದವು. ಅಳಿಯನ ಪತ್ರದಲ್ಲಿದ್ದ ಹೆಸರಿನ ಮೇಲೆ ಗೋಂದು ಹಚ್ಚಿ ಜವಾನನ ಹೆಸರು ಅಂಟಿಸಿದರು. ಸಂಜೆ ಬಾಗಿಲಿಗೆ ಪ್ರಕಟಣೆ ಬಿತ್ತು: 'ಸದರಿ ಗುಟ್ಟನ್ನು ಕೇಳಿದ, ಕೇಳಿರಬಹುದಾದ, ಅಥವಾ ಕೇಳಿದವರ ಮುಖ ನೋಡಿ ಊಹಿಸಿದ ಸಕಲರೂ ಉತ್ತೀರ್ಣರೆಂದು ಈ ಮೂಲಕ ತಿಳಿಯಪಡಿಸಲಾಗಿದೆ. ಅದು ಯಾವ ಗುಟ್ಟೆಂದು ವಿಚಾರಿಸತಕ್ಕದ್ದಲ್ಲ.' ಓದಿದವರು ಸರಿಯಾಗಿದೆ ಎಂದು ತಲೆಯಾಡಿಸಿ ಮನೆಗೆ ಹೋದರು.

ಆಮೇಲೆ ಏನಾಯಿತು ಅಂತೀರಾ? ತಾಯಿಯ ಕಣ್ಣಿನ ಪೊರೆ ಹೋಯಿತು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ಗಂಡ ಎರಡೂ ಕೈಯಲ್ಲಿ 'ತಪ್ಪಾಯ್ತು' ಅನ್ನುತ್ತಿದ್ದದ್ದು. ಹೆಬ್ಬೆರಳು ಸರಿಯಿಲ್ಲ ಎಂದು ತಿದ್ದಿಸಿದಳು. ಈಗ ಅವರಿಬ್ಬರೇ ಜಗಳವಾಡಿಕೊಳ್ಳುತ್ತಾರೆ, ಮಗಳಿಗೆ ಮನೆಯಲ್ಲಿ ಬಿಡುವು. ಕೈಮಾತಿ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದಾಳೆ. ಪತ್ರ ಬಂದಮೇಲೆ ಜವಾನ ನಿಜವಾಗಿ ಸನ್ನೆ ಕಲಿತ, ನಾಚಿಕೆಯಾಯಿತಂತೆ. ಕಲಿಸಿದವರು ಯಜಮಾನರು, ಅವರೀಗ ಮಂಡಳಿಯ ಸದಸ್ಯರು. ಅಧ್ಯಕ್ಷರು ಅಲ್ಲೇ ಇದ್ದಾರೆ. ಅಳಿಯ ಯಾಕೆ ಪಾಸಾಗಲಿಲ್ಲ ಎಂದು ಮಗಳು ಕೇಳಿದಾಗಲೆಲ್ಲ, ಅದು ಗುಟ್ಟು ಅನ್ನುತ್ತಾರೆ.

ಅಳಿಯನೋ, ಮಂಡಳಿಯ ಸಭೆ ನಡೆದಾಗಲೆಲ್ಲ ಬಾಗಿಲಿಗೆ ಕಿವಿಯಿಟ್ಟು ಕೂತಿರುತ್ತಾನೆ. ಒಳಗಿನ ಒಂದು ಗುಟ್ಟು ಕಿವಿಗೆ ಬಿದ್ದರೂ ಪಾಸಾಗಿಬಿಡುತ್ತಾನಲ್ಲ. ಆದರೆ ಒಳಗಿರುವವರೆಲ್ಲ ಯಜಮಾನರಿಂದ ಕಲಿತು, ಈಗ ಸನ್ನೆಯಲ್ಲೇ ಮಾತಾಡುತ್ತಾರೆ.