ವಿಳಾಸ ಹೇಳಿ ಪ್ರಾರ್ಥಿಸುವ ಅತ್ತೆ

ನಮ್ಮ ಸೋದರತ್ತೆಯ ಪ್ರಾರ್ಥನೆಗೆ ದೇವರೂ ಹೆದರುತ್ತಿದ್ದನೆಂಬುದು ನನ್ನ ಗುಮಾನಿ. ಎಪ್ಪತ್ತರ ದಶಕದ ಬೆಟಗೇರಿಯ ನಮ್ಮ ಚರ್ಚಿನ ಸಭೆಯವರಂತೂ ಹೆದರುತ್ತಿದ್ದರು! ಯಾರ ಮನೆಯಲ್ಲಿ ಕಾಯಿಲೆ, ಸಾವು, ಕೆಲಸ ಹೋದ ಸುದ್ದಿ ಇದ್ದರೂ ಬಗಲಲ್ಲಿ ಸತ್ಯವೇದ, ಕೈಯಲ್ಲಿ ಛತ್ರಿ ಹಿಡಿದು ಅತ್ತೆ ಹಾಜರು. ಬರೀ ನೆಗಡಿಯಾದವನೂ ಆಕೆ ಹೊಸ್ತಿಲು ದಾಟಿದ ಕೂಡಲೇ, “ಡಾಕ್ಟರು ನನಗ ಖರೆ ಹೇಳಿಲ್ಲೇನು?” ಎಂದು ಹೆಂಡತಿಯ ಮುಖ ನೋಡುತ್ತಿದ್ದ.

ವಿಳಾಸ ಹೇಳದೆ ಆಕೆ ಪ್ರಾರ್ಥನೆ ಶುರುಮಾಡಿದ್ದೇ ಇಲ್ಲ. “ಕರ್ತನೇ, ಬೆಟಗೇರ್ಯಾಗ, ಹಿಟ್ಟಿನ ಗಿರಣಿ ಹಿಂದ, ನೀಲಿ ಬಾಗಲದ ಮನಿ ಯೋಹಾನ. ಬಾಜೂ ಮನಿಗೆ ಹೋಗಬ್ಯಾಡ, ಅವರು ಆರಾಮ ಅದಾರ.” ಹೀಗೇಕೆ ಎಂದು ಪಾಸ್ಟರು ಕೇಳಿದರೆ, “ನಮ್ಮ ಓಣ್ಯಾಗ ಯೋಹಾನ ಅನ್ನಾವ್ರು ಎಷ್ಟು ಮಂದಿ ಅದಾರ್ರೀ? ತಪ್ಪಿದ್ರ ಯಾರು ಜವಾಬ್ದಾರಿ?” ಎಂದಳು. ಪಾಸ್ಟರು ತಮ್ಮ ಕನ್ನಡಕ ಒರೆಸಿಕೊಂಡರು.

ಶಿರಹಟ್ಟಿಯಲ್ಲೊಮ್ಮೆ ಆಕೆಯ ಪ್ರಾರ್ಥನೆ ಎಷ್ಟು ಉದ್ದವಾಯಿತೆಂದರೆ, ನೋವಿನಿಂದ ನರಳುತ್ತಿದ್ದ ರೋಗಿ ಗೊರಕೆ ಹೊಡೆಯತೊಡಗಿದ. ನಾವು ನಗು ತಡೆಯುತ್ತಿದ್ದೆವು. “ನಗಬ್ಯಾಡ್ರಿ. ವಾರದಿಂದ ನಿದ್ದಿ ಇಲ್ಲದಾಂವ ಮಲಗ್ಯಾನ,” ಎಂದು ಅತ್ತೆ ಗದರಿದಳು.

ಆಮೇಲೊಂದು ಬೇಸಿಗೆಯಲ್ಲಿ ಮುಂಡರಗಿಯಿಂದ ಕೆಟ್ಟ ಖಬರು ಬಂತು. ನಮ್ಮ ಸಭೆಯಲ್ಲೇ ಬೆಳೆದು, ಅಲ್ಲಿಗೆ ಮದುವೆಯಾಗಿ ಹೋಗಿ, ವಿಧವೆಯಾಗಿದ್ದವಳ ಒಬ್ಬನೇ ಮಗ ಕೊರ್ಲಹಳ್ಳಿಯ ಹೊಳೆಯಲ್ಲಿ ಈಜಲು ಹೋಗಿ ಹೆಣವಾಗಿ ಬಂದಿದ್ದ. ಮಣ್ಣು ಮಾಡಿದಾಗಿನಿಂದ ತಾಯಿ ಅತ್ತಿಲ್ಲ, ತುತ್ತು ಮುಟ್ಟಿಲ್ಲ, ಹೀಗೇ ಆದರೆ ಉಳಿಯುವುದಿಲ್ಲ ಎಂದರು. ನಾನೂ ಅತ್ತೆಯೂ ಬಸ್ಸು ಹತ್ತಿದೆವು.

ನಾವು ಕೂರುವ ಮೊದಲೇ ತಾಯಿ ಹೇಳಿದಳು: “ಪ್ರಾರ್ಥನಿ ಬ್ಯಾಡ್ರಿ, ಆಯಿ. ದೇವರ ಹೆಸರು ಈ ಮನ್ಯಾಗ ತಗೀಬ್ಯಾಡ್ರಿ.”

“ಆತು,” ಎಂದಳು ಅತ್ತೆ.

ನನಗೆ ದಿಗಿಲಾಯಿತು. ಸತ್ಯವೇದ ಚೀಲದೊಳಗೆ ಹೋಯಿತು. ಅತ್ತೆ ಒಲೆ ಹೊತ್ತಿಸಿ ರೊಟ್ಟಿ ಬಡಿದಳು, ತಾಯಿಯ ಮುಂದೊಂದು ತಾಟು, ತನ್ನ ಮುಂದೊಂದು ತಾಟು ಇಟ್ಟುಕೊಂಡು ಕುಳಿತಳು. ಸ್ತೋತ್ರ ಹೇಳದೆ ನೀರನ್ನೂ ಕುಡಿಯದ ಹೆಂಗಸು ಸುಮ್ಮನೆ ರೊಟ್ಟಿ ಮುರಿದು ಬಾಯಿಗಿಟ್ಟಳು.

ತಾಯಿ ಮೊದಲ ಸಲ ತಲೆ ಎತ್ತಿದಳು. “ಸ್ತೋತ್ರ ಹೇಳಲಿಲ್ಲಲ್ರೀ?”

“ನೀ ಮ್ಯಾಲಿನವನ ಕೂಡ ಮಾತು ಬಿಟ್ಟೀದಿ. ನಾನೂ ಬಿಟ್ಟೀನಿ. ನಿನ್ನ ಒಬ್ಬಾಕೀನ್ನ ಹ್ಯಾಂಗ ಬಿಡ್ಲೆವ್ವಾ?”

“ಈ ವಯಸ್ಸಿನ್ಯಾಗ?”

“ಈ ವಯಸ್ಸಿನ್ಯಾಗ.”

ತಾಯಿ ಸೆರಗನ್ನು ತಲೆಯ ಮೇಲೆಳೆದುಕೊಂಡು ಕೈ ಜೋಡಿಸಿದಳು. “ಕರ್ತನೇ, ನನ್ನ ಮ್ಯಾಲೆ ಎಷ್ಟು ಬೇಕಾದ್ರೂ ಸಿಟ್ಟಾಗು. ಈ ಮುದುಕಿ ಮ್ಯಾಲೆ ಆಗಬ್ಯಾಡ. ನನ್ನ ಸಲುವಾಗಿ ಸುಮ್ಮನ ಕುಂತಾಳ...” ಮುಂದಿನ ಮಾತು ಬರಲಿಲ್ಲ, ಅಷ್ಟು ದಿನ ಬಾರದ ಅಳು ಬಂತು. ನನಗೂ ತಡೆಯಲಾಗಲಿಲ್ಲ.

ದೇವರ ಕೂಡ ಮಾತು ಬಿಟ್ಟಿದ್ದ ಅತ್ತೆ ಮೆಲ್ಲಗೆ “ಆಮೆನ್” ಎಂದಳು, ರೊಟ್ಟಿಯ ತುಣುಕೊಂದನ್ನು ತಾಯಿಯ ಬಾಯಿಗಿಟ್ಟಳು.