ಬರುವಾಗ ಖಾಲಿಯಾಗುವ ಗಾಡಿ

ನಮ್ಮ ಮಾವನಿಗೆ ಆ ಎಲೆಕ್ಟ್ರಿಕ್ ಪಿಕಪ್ ಮಾರಿದವರು ಚೆನ್ನಾಗಿ ಟೋಪಿ ಹಾಕಿದ್ದಾರೆ ಅಂತ ಚಾಮರಾಜಪೇಟೆಯ ನಮ್ಮ ರಸ್ತೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎದುರುಮನೆಯವರು ಹೇಳುತ್ತಾರೆ, ಮೂಲೆಯ ಇಸ್ತ್ರಿ ಅಂಗಡಿಯವರು ಹೇಳುತ್ತಾರೆ, ಮಾವನ ಸ್ವಂತ ಅಕ್ಕ ನಮ್ಮಮ್ಮನಂತೂ ರಾಂಗ್ ನಂಬರಿಗೂ ಹೇಳಿದ್ದಾಳೆ. ನಾನು ಒಪ್ಪುವುದಿಲ್ಲ. ಮೊದಲನೆಯದಾಗಿ, ನಮ್ಮ ಮಾವನ ತಲೆಗೆ ಸರಿಹೋಗುವ ಟೋಪಿಯನ್ನು ಇನ್ನೂ ಯಾರೂ ಹೊಲಿದಿಲ್ಲ. ಎರಡನೆಯದಾಗಿ, ಅದೇ ಕಂಪನಿಯ ಅಂಥದ್ದೇ ಗಾಡಿಯನ್ನು ಮಾರ್ಕೆಟ್ಟಿನ ತರಕಾರಿಯವರು ಬೆಳಗಿನಿಂದ ಸಂಜೆಯವರೆಗೆ ಓಡಿಸುತ್ತಾರೆ. ಅದು ದಾರಿಯಲ್ಲಿ ನಿಂತಿದ್ದನ್ನು ನಾನಂತೂ ಕಂಡಿಲ್ಲ. ಗಾಡಿ ಒಂದೇ ಥರದ್ದು, ಕರೆಂಟು ಒಂದೇ ಊರಿನದ್ದು. ಬೇರೆ ಇರುವುದು ಏನು? ಮಾವ!

ನಾನು ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿ ಬೆಳೆದವಳು. ಯಾರು ಏನು ಹೇಳಿದರೂ "ಆಧಾರ ಏನು?" ಅಂತ ಕೇಳದಿದ್ದರೆ ನನಗೆ ಗಂಟಲು ಕೆರೆಯುತ್ತದೆ. ಮಾವ ನನ್ನನ್ನು ಲಾಯರಮ್ಮ ಅಂತ ಕರೆಯುತ್ತಾರೆ. ನಾನು ಓದಿದ್ದು ಅರ್ಥಶಾಸ್ತ್ರ ಅಂತ ಎಷ್ಟು ಸಲ ಹೇಳಿದರೂ, ಮನೆಯವರ ಜೊತೆ ಇಷ್ಟು ವಾದ ಮಾಡೋರು ಇನ್ನೇನಾಗಿರಕ್ಕೆ ಸಾಧ್ಯ ಅನ್ನುವುದು ಅವರ ವಾದ.

ಮಾವನದು ಶಾಮಿಯಾನ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ. ಅಂಗಡಿಯ ಹೆಮ್ಮೆ ಆರತಕ್ಷತೆಯಲ್ಲಿ ಗಂಡು ಹೆಣ್ಣು ಕೂರುವ ಜೋಡಿ ಸಿಂಹಾಸನ. ಕೆಂಪು ಮಖಮಲ್ಲು, ಕೈಯಿಡುವ ಕಡೆ ಬಾಯಿ ತೆರೆದ ಸಿಂಹಗಳು, ಆಳೆತ್ತರದ ಒರಗು. ಸಿಂಹಗಳಲ್ಲಿ ಒಂದಕ್ಕೆ ಹಲ್ಲು ಮುರಿದಿದೆ, ಅದನ್ನು ಯಾವಾಗಲೂ ಗಂಡಿನ ಕಡೆಗೆ ಇಡುತ್ತಾರೆ. ಈ ಸಿಂಹಾಸನಕ್ಕೆ ಬೆಂಗಳೂರಿಗಿಂತ ಚನ್ನಪಟ್ಟಣದ ಕಡೆ ಬೇಡಿಕೆ ಜಾಸ್ತಿ, ಯಾಕೆಂದರೆ ಅತ್ತೆಯ ತವರು ಆ ಕಡೆ, ಮತ್ತು ಆ ಕಡೆಯ ಅರ್ಧ ಊರು ಅತ್ತೆಗೆ ಏನಾದರೂ ಆಗಬೇಕು.

ಹಳೇ ಡೀಸೆಲ್ ಗಾಡಿ ಕೊಟ್ಟು ಮಾವ ಎಲೆಕ್ಟ್ರಿಕ್ ತಂದಾಗಿನಿಂದ ಊರೊಳಗೆ ಏನೂ ತೊಂದರೆಯಿರಲಿಲ್ಲ. ಮೈಸೂರು ರಸ್ತೆ ಹಿಡಿದರೆ ಮಾತ್ರ ಚಾರ್ಜು ಕರ್ಪೂರದ ಹಾಗೆ ಕರಗುತ್ತಿತ್ತು. ಒಂದು ಮಧ್ಯಾಹ್ನ ಸಿಂಹಾಸನ ವಾಪಸು ತರುವಾಗ ಗಾಡಿ ನಾಯಂಡಹಳ್ಳಿಯಲ್ಲಿ ನಿಂತೇಬಿಟ್ಟಿತು. ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಮುಂದೆ ಎಳೆಯುವ ಗಾಡಿ, ಹಿಂದೆ ಖಾಲಿ ಸಿಂಹಾಸನ ಹೊತ್ತ ಪಿಕಪ್, ನಡುವೆ ಸ್ಟೀರಿಂಗ್ ಹಿಡಿದು ಗಂಭೀರವಾಗಿ ಕೂತ ಮಾವ. ಯಾವುದೋ ದೇವರ ಮೆರವಣಿಗೆ ಅಂದುಕೊಂಡು ಬಸ್‌ಸ್ಟಾಪಿನಲ್ಲಿದ್ದ ಅಜ್ಜಿಯೊಬ್ಬರು ಕೈಮುಗಿದರಂತೆ. ನೀವೇನು ಮಾಡಿದ್ರಿ ಅಂತ ಕೇಳಿದೆ. "ಆಶೀರ್ವಾದ ಮಾಡ್ದೆ. ಇನ್ನೇನ್ ಮಾಡ್ಲಿ?" ಅಂದರು.

ಅತ್ತೆ ನಗಲಿಲ್ಲ. ಇನ್ನೊಂದು ಸಲ ಚನ್ನಪಟ್ಟಣಕ್ಕೆ ಹೋಗಿ, ದಾರಿಯಲ್ಲಿ ಎಲ್ಲೂ ಚಾರ್ಜಿಗೆ ನಿಲ್ಲದೆ ಮನೆಗೆ ಬಂದರೆ ಗಾಡಿ ಇರಲಿ. ಇಲ್ಲದಿದ್ದರೆ ಮಾರಿ, ಅಂಗಡಿ ಯಾರಿಗಾದರೂ ವಹಿಸಿ ಮನೆಯಲ್ಲಿ ಕೂತುಕೊಳ್ಳಬೇಕು ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಮನೆಯಲ್ಲಿ ಕೂರುವುದು! ಮಾವ ಮನೆಯಲ್ಲಿ ಕೂತರೆ ಗೋಡೆ ಗಡಿಯಾರವನ್ನು ಬಿಚ್ಚುತ್ತಾರೆ, ಅದು ಮುಗಿದರೆ ಮಿಕ್ಸಿ, ಆಮೇಲೆ ಪಕ್ಕದ ಮನೆಯವರ ಮಿಕ್ಸಿ. ಗಾಡಿ ಹೋದರೆ ಮಾವನ ಬದುಕೇ ಹೋದ ಹಾಗೆ ಅಂತ ಎಲ್ಲರಿಗೂ ಗೊತ್ತು, ಅತ್ತೆಗೂ ಗೊತ್ತು. ಆದರೂ ಅತ್ತೆ ಮಾತು ಬದಲಿಸಲಿಲ್ಲ. ಕಾರಣ ಹುಡುಕುವ ಕೆಲಸವನ್ನು ನನಗೆ ಒಪ್ಪಿಸಿದರು. "ನೀನು ಹೇಳಿದ್ದೇ ತೀರ್ಪು ಪುಟ್ಟಿ. ಇವ್ರ ಕಡೆ ಸೇರ್ಕೋಬೇಡ."

ಮೊದಲು ಸರ್ವೀಸಿನವರ ಹೇಳಿಕೆ ಪಡೆದೆ. ಬ್ಯಾಟರಿ ಚೆನ್ನಾಗಿದೆ, ಮೋಟಾರು ಚೆನ್ನಾಗಿದೆ, ಡ್ರೈವರ್ ಕಾಲು ಸ್ವಲ್ಪ ಭಾರ ಅಂದರು. ಮಾವ ಅವಮಾನಗೊಂಡು ಅವತ್ತಿನಿಂದ ಚಪ್ಪಲಿ ಬಿಟ್ಟು ಓಡಿಸತೊಡಗಿದರು. ಅಷ್ಟಕ್ಕೇ ನಿಲ್ಲಲಿಲ್ಲ. ಕರೆಂಟು ಉಳಿಸಲು ಹಾರ್ನ್ ಬಂದ್; ಅಡ್ಡ ಬಂದವರಿಗೆ ಕಿಟಕಿಯಿಂದ ತಲೆ ಹೊರಗೆ ಹಾಕಿ "ಸ್ವಾಮೀ, ಸ್ವಲ್ಪ" ಅನ್ನುತ್ತಿದ್ದರು. ರೇಡಿಯೋ ಬಂದ್; ಅದರ ಬದಲು ತಾವೇ ಹಾಡುತ್ತಿದ್ದರು, ಅದರಿಂದ ಉಳಿದ ಕರೆಂಟಿಗಿಂತ ಆದ ನಷ್ಟ ದೊಡ್ಡದು. ಫ್ಲೈಓವರ್ ಹತ್ತುವಾಗ ಉಸಿರು ಬಿಗಿಹಿಡಿದು ಮುಂದಕ್ಕೆ ಬಾಗುತ್ತಿದ್ದರು. ಇದರಿಂದ ಏನು ಉಪಯೋಗ ಅಂತ ಕೇಳಿದರೆ, ನಾವೂ ಸ್ವಲ್ಪ ಕೈ ಹಾಕಿದರೆ ಅದಕ್ಕೂ ಧೈರ್ಯ ಬರುತ್ತೆ ಅನ್ನುತ್ತಿದ್ದರು. ಇಂಥವರ ಎದುರು ಯಾವ ಆಧಾರ ಮಂಡಿಸುತ್ತೀರಿ?

ಆಮೇಲೆ ಟೈರು ನೋಡಿದೆ. ನಾಲ್ಕೂ ಮೆತ್ತಗೆ, ಹಿಂದಿನ ದಿನದ ಬೋಂಡದ ಹಾಗೆ. ಮಾವನೇ ಗಾಳಿ ಇಳಿಸಿದ್ದರು. ಸಿಂಹಾಸನ ಕುಲುಕಬಾರದಂತೆ! ಮೆತ್ತನೆಯ ಟೈರು ರಸ್ತೆಗೆ ಅಂಟಿಕೊಂಡು ಉರುಳುತ್ತದೆ, ಅದನ್ನು ತಳ್ಳುವುದಕ್ಕೇ ಚಾರ್ಜು ಹೋಗುತ್ತದೆ ಅಂತ ವಿವರಿಸಿ, ಪೆಟ್ರೋಲ್ ಬಂಕಿಗೆ ಕರೆದುಕೊಂಡು ಹೋಗಿ ಗಾಳಿ ತುಂಬಿಸಿದೆ. ಮಾವ ಅಷ್ಟು ಹೊತ್ತೂ ಹಿಂದೆ ನಿಂತು ಸಿಂಹಾಸನದ ಬೆನ್ನು ಸವರುತ್ತಿದ್ದರು, ಮಗುವಿಗೆ ಇಂಜೆಕ್ಷನ್ ಹಾಕಿಸುವಾಗ ಅಪ್ಪಂದಿರು ಮಾಡುವ ಹಾಗೆ.

ನಿಜವಾದ ಯುದ್ಧ ನಡೆದದ್ದು ಸಿಂಹಾಸನದ ಮೇಲೆಯೇ. ಮಾವನ ಅಂಗಡಿಯಲ್ಲಿ ಒಂದು ಪದ್ಧತಿ. ಸಿಂಹಾಸನಗಳನ್ನು ಗಾಡಿಯಲ್ಲಿ ಮಲಗಿಸುವ ಹಾಗಿಲ್ಲ. ನೆಟ್ಟಗೆ ನಿಲ್ಲಿಸಿ, ಮುಖ ಮುಂದಕ್ಕೆ ಮಾಡಿ, ಊದುಬತ್ತಿ ಹಚ್ಚಿ ಹೊರಡಬೇಕು. ಅಂದರೆ ಹೈವೇಯಲ್ಲಿ ಎದುರು ಬರುವ ಗಾಳಿಯನ್ನೆಲ್ಲ ಆ ಎರಡು ಆಳೆತ್ತರದ ಒರಗುಗಳು ಎದೆಯೊಡ್ಡಿ ತಡೆಯುತ್ತವೆ. ಹಡಗಿಗೆ ಹಾಯಿ ಕಟ್ಟಿ, ಗಾಳಿಗೆ ಎದುರಾಗಿ ಹೋದ ಹಾಗೆ! ಇದನ್ನು ಯಾವ ಶಾಸ್ತ್ರ ಹೇಳಿದೆ ಅಂತ ಕೇಳಿದೆ.

"ನಮ್ಮ ಅಂಗಡಿ ಶಾಸ್ತ್ರ," ಅಂದರು ಮಾವ. "ಗಂಡು ಹೆಣ್ಣು ಕೂರೋ ಜಾಗ ಕಣಮ್ಮ. ಹೆಣ ಮಲಗಿಸ್ದಂಗೆ ಮಲಗಿಸ್ಕೊಂಡು ಹೋಗಕ್ಕಾಗುತ್ತಾ?"

"ಮಾವ, ಮಂಚದಂಗಡಿಯವರು ಮಂಚಾನ ನೆಟ್ಟಗೆ ನಿಲ್ಲಿಸ್ಕೊಂಡು ಹೋಗ್ತಾರೆ. ಅದರ ಮೇಲೆ ಮಲಗೋರೆಲ್ಲ ನಿಂತ್ಕೊಂಡೇ ನಿದ್ದೆ ಮಾಡ್ತಾರಾ?"

ಮಾವ ಬಹಳ ಹೊತ್ತು ಯೋಚಿಸಿದರು. ಚರ್ಚಾಸ್ಪರ್ಧೆಯಲ್ಲಿ ಇಷ್ಟು ಪ್ರಾಮಾಣಿಕವಾಗಿ ಯೋಚಿಸಿದ ಎದುರಾಳಿಯನ್ನು ನಾನು ಕಂಡಿಲ್ಲ. ಕಡೆಗೆ ಒಪ್ಪಿದರು, ಆದರೆ ಷರತ್ತಿನ ಮೇಲೆ: ಕೆಳಗೆ ಹಾಸಿಗೆ ಇರಬೇಕು, ಮೇಲೆ ಹೊದಿಕೆ ಇರಬೇಕು, ತಲೆಯ ಕಡೆಗೆ ದಿಂಬು. ದಿಂಬು! ಇಟ್ಟೆವು. ಮುಂದಿನ ಮದುವೆಗೆ ಹೋಗುವಾಗ ಚಾರ್ಜು ಎಷ್ಟು ಉಳಿಯಿತೆಂದರೆ, ಮಾವ ಚನ್ನಪಟ್ಟಣದಿಂದ ಫೋನ್ ಮಾಡಿ, "ಲಾಯರಮ್ಮ, ನೀನು ಗೆದ್ದೆ" ಅಂದರು.

ನಾನು ಬೀಗಿದೆ. ಅತ್ತೆಗೆ ತೀರ್ಪು ಹೇಳುವ ಮೊದಲ ವಾಕ್ಯವನ್ನೂ ಮನಸ್ಸಿನಲ್ಲೇ ಸಿದ್ಧಮಾಡಿಕೊಂಡೆ. ಅಷ್ಟರಲ್ಲಿ ಮಾವ ಕೆಂಗೇರಿಯಿಂದ ಫೋನ್ ಮಾಡಿ, ಚಾರ್ಜು ಮುಗಿಯುತ್ತಾ ಬಂತು, ಇಲ್ಲೇ ಹಾಕಿಸಿಕೊಳ್ತಾ ಇದ್ದೀನಿ, ಅತ್ತೆಗೆ ಹೇಳಬೇಡ ಅಂದರು.

ಈಗ ನನ್ನ ವಾದವೇ ಕುಸಿಯಿತು. ಸಿಂಹಾಸನವನ್ನು ಮದುವೆಮನೆಯಲ್ಲಿ ಇಳಿಸಿ ಬಂದಿದ್ದರು, ಗಾಡಿ ಖಾಲಿ. ಟೈರು ಗಟ್ಟಿ. ತುಂಬಿದ ಗಾಡಿ ಕಡಿಮೆ ತಿಂದು, ಖಾಲಿ ಗಾಡಿ ಜಾಸ್ತಿ ತಿನ್ನುವುದೆಂದರೆ? ಬೆಂಗಳೂರು ಎತ್ತರದಲ್ಲಿದೆ, ಬರುವಾಗ ಏರು ಅನ್ನುವುದು ನಿಜ. ಆದರೆ ಆ ಏರು ಅಷ್ಟೊಂದು ನುಂಗುವುದಿಲ್ಲ. ಮಾವನನ್ನು ಕೇಳಿದರೆ, ಅದಕ್ಕೆ ಊರು ಬಿಟ್ಟು ಬರಕ್ಕೆ ಬೇಜಾರು ಅಂದರು. ಕೆಂಗೇರಿಯ ವಿಷಯ ಅತ್ತೆಗೆ ಅಂದೇ ಗೊತ್ತಾಯಿತು. ಅವರು ಇನ್ನೊಂದೇ ಒಂದು ಅವಕಾಶ ಕೊಟ್ಟರು, ನಾನು ಜೊತೆಯಲ್ಲಿ ಹೋಗಬೇಕು ಅನ್ನುವ ಷರತ್ತಿನ ಮೇಲೆ.

ಹಾಗೆ ಹೋದ ತಿಂಗಳು ಒಂದು ಬೆಳಿಗ್ಗೆ ಮಾವ, ನಾನು, ದಿಂಬಿನ ಮೇಲೆ ಎರಡು ಸಿಂಹಾಸನ, ಚನ್ನಪಟ್ಟಣಕ್ಕೆ ಹೊರಟೆವು. ಮಾವ ಓಡಿಸಿದ ರೀತಿಯನ್ನು ಓಡಿಸುವುದು ಅನ್ನುವುದಕ್ಕಿಂತ ಕೈಹಿಡಿದು ನಡೆಸುವುದು ಅನ್ನಬಹುದು. ಟ್ರ್ಯಾಕ್ಟರೊಂದು ನಮ್ಮನ್ನು ಹಿಂದೆ ಹಾಕಿತು. ಬಿಡದಿಯ ಹತ್ತಿರ ನಾಯಿಯೊಂದು ರಸ್ತೆ ದಾಟುವಾಗ ನಮ್ಮನ್ನು ನೋಡಿ, ಓಡುವ ಅಗತ್ಯವಿಲ್ಲ ಅಂತ ತೀರ್ಮಾನಿಸಿತು. ಚನ್ನಪಟ್ಟಣ ತಲುಪಿದಾಗ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಚಾರ್ಜು ಉಳಿದಿತ್ತು.

ಸಿಂಹಾಸನ ಇಳಿಸಿದೆವು. ಹೋಳಿಗೆ ಬೇಯುವ ವಾಸನೆ ಛತ್ರದ ತುಂಬಾ. ಮದುವೆಮನೆಯವರು ಊಟ ಮಾಡಿಕೊಂಡೇ ಹೋಗಬೇಕು ಅಂತ ಮಾವನ ಕೈ ಹಿಡಿದುಕೊಂಡರು. ಮಾವ ಬೇಡ ಅಂದುಬಿಟ್ಟರು. ಮದುವೆ ಊಟಕ್ಕಾಗಿಯೇ ಈ ವ್ಯಾಪಾರಕ್ಕೆ ಇಳಿದೆ ಅಂತ ಹೇಳಿಕೊಳ್ಳುವ ಮನುಷ್ಯ! ನನ್ನ ಅನುಮಾನ ಅಲ್ಲಿ ಶುರುವಾಯಿತು.

ಹೈವೇಗೆ ಬಂದ ಮೇಲೆ ಅದು ಬಲವಾಯಿತು. ಬೆಳಿಗ್ಗೆ ನಾಯಿಗೆ ದಾರಿ ಬಿಟ್ಟವರು ಇವರೇನಾ? ಬರಿಗಾಲು ಪೆಡಲನ್ನು ನೆಲಕ್ಕೆ ಒತ್ತಿತ್ತು. ಹಾಡಿಲ್ಲ, "ಸ್ವಾಮೀ"ಯೂ ಇಲ್ಲ. ಗಾಡಿ ಗಾಳಿಯನ್ನು ಸೀಳಿಕೊಂಡು ಹೋಗುತ್ತಿತ್ತು, ಎದುರಿನ ಪರದೆಯಲ್ಲಿ ಚಾರ್ಜಿನ ಅಂಕಿ ನೋಡನೋಡುತ್ತ ಇಳಿಯುತ್ತಿತ್ತು. ವೇಗ ಏರಿದಷ್ಟೂ ಗಾಳಿಯ ತಡೆ ಅದಕ್ಕಿಂತ ಬೇಗ ಏರುತ್ತದೆ. ಇಷ್ಟೇ ರಹಸ್ಯ. ಸಿಂಹಾಸನದ್ದಲ್ಲ, ಟೈರಿನದ್ದಲ್ಲ, ಬರುವಾಗಿನ ಕಾಲಿನದ್ದು.

ಯಾಕೆ ಮಾವ ಇಷ್ಟು ಅರ್ಜೆಂಟು ಅಂತ ಕೇಳಿದೆ. ಗಾಡಿ ಕೈಬಿಟ್ಟು ಹೋಗುತ್ತೆ, ಅತ್ತೆ ಮಾತು ಅಂದರೆ ಮಾತು ಅಂದೆ. ರಾಮನಗರ ದಾಟಿದ ಮೇಲೆ ರಸ್ತೆ ನೋಡುತ್ತಲೇ ಹೇಳಿದರು.

"ಅವ್ಳು ಊಟ ಮಾಡಿರಲ್ಲ."

ಅತ್ತೆಗೆ ಸಕ್ಕರೆ ಕಾಯಿಲೆ ಇರುವುದು ನನಗೂ ಗೊತ್ತು. ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾರೆ. ಆದರೆ ಮಾವ ಹೊರಗೆ ಹೋದ ದಿನ, ಅವರು ಬರುವವರೆಗೆ ತಟ್ಟೆ ಹಾಕಿಕೊಳ್ಳುವುದಿಲ್ಲವಂತೆ. ಡೀಸೆಲ್ ಗಾಡಿ ಇದ್ದಾಗ ಒಂದು ದಿನ ಮಾವ ಬರುವುದು ತಡವಾಗಿ, ಬಂದು ನೋಡಿದರೆ ಅತ್ತೆ ಸಕ್ಕರೆ ತೀರಾ ಇಳಿದು, ಮೈ ತಣ್ಣಗೆ ಬೆವರಿ, ಅಡುಗೆಮನೆಯ ಬಾಗಿಲಲ್ಲಿ ತಲೆ ಸುತ್ತಿ ಬಿದ್ದಿದ್ದರಂತೆ. ಮಾವನೇ ಬಾಯಿಗೆ ಸಕ್ಕರೆ ಹಾಕಿ ಎಬ್ಬಿಸಿದ್ದು. ಯಾರಿಗೂ ಹೇಳಬೇಡಿ ಅಂದಿದ್ದರಂತೆ ಅತ್ತೆ.

ಫೋನ್ ಮಾಡಿ ಊಟ ಮಾಡು ಅನ್ನಬಹುದಲ್ಲ ಅಂದೆ. ನಾನಲ್ಲವೇ ಲಾಯರಮ್ಮ!

"ಮಾಡ್ತೀನಲ್ಲ. ಆಯ್ತು ಅಂತಾಳೆ. ಬಂದು ಹಾಟ್‌ಬಾಕ್ಸ್ ತೆಗೆದ್ರೆ ಎರಡೂ ಮುದ್ದೆ ಹಂಗೇ ಇರ್ತವೆ."

ನಿಧಾನಕ್ಕೆ ಬಂದರೆ ಚಾರ್ಜು ಉಳಿಯುತ್ತದೆ, ಹೊತ್ತಾಗುತ್ತದೆ. ಬೇಗ ಬಂದರೆ ಚಾರ್ಜು ಮುಗಿಯುತ್ತದೆ, ಹಾಕಿಸಿಕೊಳ್ಳಲು ನಿಂತರೆ ಇನ್ನೂ ಹೊತ್ತಾಗುತ್ತದೆ. ಈ ಲೆಕ್ಕವನ್ನು ಮಾವ ಒಬ್ಬರೇ ಹಾರ್ನ್ ಬಂದ್ ಮಾಡಿ, ಚಪ್ಪಲಿ ಬಿಟ್ಟು, ಉಸಿರು ಹಿಡಿದು ಬಿಡಿಸಲು ನೋಡುತ್ತಿದ್ದರು. ಅತ್ತೆಗೆ ಇದನ್ನು ಹೇಳಬಹುದಲ್ಲ ಅಂದಿದ್ದಕ್ಕೆ ಮಾವ ತಲೆಯಲ್ಲಾಡಿಸಿದರು. "ಹೇಳಿದ್ರೆ ಇನ್ನೂ ಚೆನ್ನಾಗಿ ಸುಳ್ಳು ಹೇಳಕ್ಕೆ ಕಲೀತಾಳೆ."

ಸ್ವಲ್ಪ ಕಾಲು ಸಡಿಲಿಸಿ ಮಾವ ಅಂದೆ, ಸಡಿಲಿಸಿದರು. ಮತ್ತೆ ತಾನಾಗಿಯೇ ಒತ್ತಿತು. ಪರದೆಯಲ್ಲಿ ಕೆಂಪು ದೀಪ ಹತ್ತಿದ್ದು ನಾಯಂಡಹಳ್ಳಿಯಲ್ಲಿ. ಎಲ್ಲೂ ನಿಲ್ಲಲಿಲ್ಲ. ಮನೆಯ ಮುಂದೆ ಬಂದು ನಿಂತಾಗ ಚಾರ್ಜಿನ ಅಂಕಿ ಓದುವುದಕ್ಕೆ ನನಗೆ ಧೈರ್ಯವಾಗಲಿಲ್ಲ, ಆದರೆ ಗಾಡಿ ತನ್ನ ಶಕ್ತಿಯಲ್ಲೇ ಬಂದಿತ್ತು. ಷರತ್ತಿನ ಪ್ರಕಾರ ಮಾವ ಗೆದ್ದಿದ್ದರು.

ಅತ್ತೆ ಮೆಟ್ಟಿಲ ಮೇಲೆ ಕಂಬಕ್ಕೊರಗಿ ಕೂತಿದ್ದರು. ಮಾವ ಗಾಡಿಯ ಹಿಂದೆ ಹೋಗಿ, ಖಾಲಿ ಹಾಸಿಗೆಯನ್ನು ಬೇಕಿಲ್ಲದಿದ್ದರೂ ಮಡಚತೊಡಗಿದರು. ಅತ್ತೆ ಅವರ ಕಡೆ ನೋಡಲಿಲ್ಲ. ಕೈಯೂರಿ ನಿಧಾನವಾಗಿ ಎದ್ದು ನನ್ನನ್ನು ಕೇಳಿದರು: "ಏನಂತೆ ಪುಟ್ಟಿ, ತಪ್ಪು ಗಾಡೀದೋ, ಇವ್ರದೋ?"

ಇಬ್ಬರದೂ ಅಲ್ಲ ಅನ್ನಬೇಕಿತ್ತು, ಆಧಾರವೂ ನನ್ನ ಹತ್ತಿರ ಇತ್ತು. ಹಾಸಿಗೆ ಮಡಚುತ್ತಿದ್ದ ಮಾವನ ಕೈ ನಿಂತಿತು. ನಾನು ಹೋಗಿ ಅತ್ತೆಯ ತೋಳು ಹಿಡಿದುಕೊಂಡೆ. ಕೈ ತಣ್ಣಗಿತ್ತು, ಬೆವರಿತ್ತು.

"ಅತ್ತೆ, ಊಟ ಆಯ್ತಾ?"